ಸಿಹಿನೀರಿನ ಹೊಸ ಬ್ಯಾಕ್ಟೀರಿಯಾ: ಗುರುತಿಸುವುದು ಹೇಗೆ?

ಘಟಪ್ರಭಾ ಕೃಷ್ಣೆಯ ಉಪನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು (ರಾಜಾ ಲಖಮಗೌಡ ಜಲಾಶಯ), ಗೋಕಾಕ ಜಲಪಾತ, ಮುಂದೆ ಮೂಡಲಗಿ ಸೀಮೆ: ಇಷ್ಟನ್ನು ಭೂಗೋಳಕ್ಕೆಂದು ಎಲ್ಲರೂ ಓದುತ್ತಾರೆ. ಅದೇ ನೀರು ವಿಜ್ಞಾನದ ಪ್ರಶ್ನೆಯೂ ಆಗಬಹುದು.

ನದಿನೀರಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಹೊಸ ಪ್ರಭೇದವೇ ಎಂದು ತಿಳಿಯಲು ಮೊದಲು 16ಎಸ್ ಆರ್‌ಆರ್‌ಎನ್‌ಎ ಜೀನ್ ಹೋಲಿಸುತ್ತಾರೆ. ಹತ್ತಿರದ ಪ್ರಭೇದದೊಂದಿಗೆ ಹೋಲಿಕೆ ಸುಮಾರು ಶೇ 98.7ಕ್ಕಿಂತ ಕಡಿಮೆಯಿದ್ದರೆ ಹೊಸದೆಂಬ ಸೂಚನೆ. ಹೆಚ್ಚಿದ್ದರೆ ಹಳೆಯದೇ ಎನ್ನಲಾಗದು. ಇಲ್ಲೇ ಹಲವರು ಎಡವುತ್ತಾರೆ. ಆಗ ಇಡೀ ಜೀನೋಮ್ ನೋಡಬೇಕು: ಸರಾಸರಿ ನ್ಯೂಕ್ಲಿಯೋಟೈಡ್ ಹೋಲಿಕೆಯ ಗಡಿ ಶೇ 95–96, ಡಿಎನ್‌ಎ–ಡಿಎನ್‌ಎ ಸಂಕರಣದ ಗಡಿ ಶೇ 70. ಹೆಸರು ಮಾನ್ಯವಾಗಲು ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಇಡಬೇಕು. ಚಂಡೀಗಢ, ಪುಣೆಗಳಲ್ಲಿ ಭಾರತದ ಇಂಥ ಸಂಗ್ರಹಾಲಯಗಳಿವೆ.

ಬ್ಯಾಕ್ಟೀರಿಯಾ ಹೊಸದಿರಲಿ ಹಳೆಯದಿರಲಿ, ಅದರ ಪ್ರತಿಜೀವಕ ನಿರೋಧಕತೆಯ ಪರೀಕ್ಷೆ ಬೇರೆಯೇ. ಮುಲ್ಲರ್–ಹಿಂಟನ್ ಅಗಾರ್ ಮೇಲೆ ಔಷಧದ ಬಿಲ್ಲೆ ಇಟ್ಟು, ಸುತ್ತ ಬೆಳವಣಿಗೆ ನಿಂತ ವಲಯವನ್ನು ಅಳೆಯುತ್ತಾರೆ. ಇದು ಕಿರ್ಬಿ–ಬಾಯರ್ ವಿಧಾನ. ನಿರೋಧಕ ಜೀನ್ ಹೆಚ್ಚಾಗಿ ಪ್ಲಾಸ್ಮಿಡ್ ಮೇಲೆ ಕುಳಿತು ಒಂದು ಪ್ರಭೇದದಿಂದ ಇನ್ನೊಂದಕ್ಕೆ ದಾಟುತ್ತದೆ. ಆದ್ದರಿಂದ ಹೊಸ ಪ್ರಭೇದಕ್ಕಿಂತ ಹಳೆಯ ಪ್ರಭೇದಕ್ಕೆ ಸಿಕ್ಕ ಹೊಸ ಜೀನ್ ಹೆಚ್ಚು ಅಪಾಯಕಾರಿ ಆಗಬಲ್ಲದು.

ನೆನಪಿಡಬೇಕಾದ ಉದಾಹರಣೆ ಎನ್‌ಡಿಎಂ–1. ಕಾರ್ಬಪೆನೆಮ್ ಔಷಧಗಳನ್ನು ಒಡೆಯುವ ಈ ಕಿಣ್ವದ ಜೀನ್, 2011ರಲ್ಲಿ ಪ್ರಕಟವಾದ ಅಧ್ಯಯನದಂತೆ, ದೆಹಲಿಯ 50 ನಲ್ಲಿನೀರಿನ ಮಾದರಿಗಳಲ್ಲಿ 2ರಲ್ಲಿ, ನಿಂತ ನೀರಿನ 171ರಲ್ಲಿ 51ರಲ್ಲಿ ಕಂಡಿತ್ತು. ಕಾಲರಾ ರೋಗಾಣುವಿನಲ್ಲೂ ಇತ್ತು. ಇಂಥ ನಿರೋಧಕತೆ ಹರಡದಿರಲೆಂದು ಭಾರತ 2019ರಲ್ಲಿ ಪಶು ಆಹಾರದಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕದ ಬಳಕೆ ನಿಷೇಧಿಸಿತು.