ಅರಿಷಿಣ, ಶುಂಠಿ: ಅಡುಗೆಯಲ್ಲಿ ಹಿತ, ಮಾತ್ರೆಯಲ್ಲಿ ಎಚ್ಚರ

ಗಂಟಲು ಕೆರೆದರೆ ಅರಿಷಿಣ ಹಾಕಿದ ಬಿಸಿ ಹಾಲು, ನೆಗಡಿಯಾದರೆ ಶುಂಠಿ ಕಷಾಯ, ಬೆರಳು ಕೊಯ್ದುಕೊಂಡರೆ ಒಂದು ಚಿಟಿಕೆ ಅರಿಷಿಣ ಪುಡಿ. ಯಾರೂ ಕಲಿಸದೆಯೇ ನಮಗೆಲ್ಲ ಗೊತ್ತಿರುವ ಮನೆಮದ್ದುಗಳಿವು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಂತೂ ಶುಂಠಿ ಕೇವಲ ಸಂತೆಯಿಂದ ತರುವ ಪದಾರ್ಥವಲ್ಲ, ಹೊಲದಲ್ಲಿ ಬೆಳೆಯುವ ಬೆಳೆಯೂ ಹೌದು.

ಇಷ್ಟು ಪರಿಚಿತವಾದ ಪದಾರ್ಥಗಳಿಂದ ಅಪಾಯವೇನು ಎಂದು ನೀವು ಕೇಳಬಹುದು. ಅಡುಗೆಯ ಪ್ರಮಾಣದಲ್ಲಿ ಬಳಸಿದರೆ ಹೆಚ್ಚಿನವರಿಗೆ ಅಪಾಯವಿಲ್ಲ. ಆದರೆ ಈಗ ಇದೇ ಅರಿಷಿಣ, ಶುಂಠಿಗಳು ಸಾರ ತೆಗೆದ ಕ್ಯಾಪ್ಸೂಲುಗಳ ರೂಪದಲ್ಲಿ ಔಷಧದ ಅಂಗಡಿಗೂ ಬಂದಿವೆ. ‘ಮನೆಯ ಪದಾರ್ಥವೇ ತಾನೆ’ ಎಂದು ವೈದ್ಯರನ್ನು ಕೇಳದೆ ಅವುಗಳನ್ನು ನುಂಗುವವರು ಹೆಚ್ಚುತ್ತಿದ್ದಾರೆ. ಒಂದೇ ಪದಾರ್ಥ ಅಡುಗೆಯಲ್ಲಿದ್ದಾಗ ಆಹಾರ, ಸಾರವಾಗಿ ಮಾತ್ರೆ ಸೇರಿದಾಗ ಔಷಧ. ಈ ವ್ಯತ್ಯಾಸವನ್ನು ಅರಿತುಕೊಳ್ಳುವುದು ಅಗತ್ಯ.

ಉಪಯೋಗ ಎಷ್ಟು?

ಅರಿಷಿಣಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್ ಎಂಬ ಅಂಶ. ಒಣಗಿದ ಅರಿಷಿಣದಲ್ಲಿ ಇದು ಸಾಮಾನ್ಯವಾಗಿ ಶೇಕಡಾ 2ರಿಂದ 5ರಷ್ಟು ಇರುತ್ತದೆ. ಉರಿಯೂತವನ್ನು ತಗ್ಗಿಸುವ ಗುಣ ಇದಕ್ಕಿದೆ. ಮೊಣಕಾಲು ಸವೆತದಿಂದ ಬರುವ ನೋವಿನಲ್ಲಿ ಕರ್ಕ್ಯುಮಿನ್‌ನಿಂದ ಸ್ವಲ್ಪಮಟ್ಟಿನ ಉಪಶಮನ ಸಿಗುತ್ತದೆ ಎಂದು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಆದರೆ ಸವೆದ ಕೀಲನ್ನು ಅದು ಸರಿಪಡಿಸುವುದಿಲ್ಲ. ಕ್ಯಾನ್ಸರ್ ಅಥವಾ ಸಕ್ಕರೆ ಕಾಯಿಲೆಯನ್ನು ಅರಿಷಿಣ ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇಂಥ ಮಾತನ್ನು ನಂಬಿ ಚಿಕಿತ್ಸೆ ನಿಲ್ಲಿಸಿದವರು ಅಮೂಲ್ಯವಾದ ಸಮಯವನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಕಡೆ ‘ಅಲ್ಲ’ ಎಂದು ಕರೆಯುವ ಹಸಿ ಶುಂಠಿಯ ಖಾರಕ್ಕೆ ಜಿಂಜರಾಲ್ ಎಂಬ ಅಂಶ ಕಾರಣ. ಶುಂಠಿ ಒಣಗಿದಾಗ ಇದರ ಒಂದು ಭಾಗ ಶೋಗಾಲ್ ಎಂಬ ಇನ್ನೂ ಖಾರವಾದ ಅಂಶವಾಗಿ ಬದಲಾಗುತ್ತದೆ. ಒಣಶುಂಠಿ ಹೆಚ್ಚು ಘಾಟಾಗಿರುವುದು ಇದರಿಂದಲೇ. ಶುಂಠಿಯ ಗುಣಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಪಟ್ಟಿರುವುದು ಓಕರಿಕೆಯನ್ನು ತಡೆಯುವ ಗುಣ. ಬಸುರಿಯರ ಬೆಳಗಿನ ಓಕರಿಕೆಗೆ ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿಯನ್ನು ಮೂರು ನಾಲ್ಕು ಬಾರಿ ಹಂಚಿಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಓಕರಿಕೆ ಕಡಿಮೆಯಾಗಿದೆ. ಹಸಿ ಶುಂಠಿ ಒಣಗಿದಾಗ ಐದನೇ ಒಂದು ಭಾಗದಷ್ಟು ಉಳಿಯುತ್ತದೆ ಎಂಬುದು ಬೆಳೆಗಾರರಿಗೆ ಗೊತ್ತು. ಆ ಲೆಕ್ಕದಲ್ಲಿ ಇದು ಸುಮಾರು 5 ಗ್ರಾಂ ಹಸಿ ಶುಂಠಿಗೆ ಸಮ. ಆದರೂ ಬಸುರಿಯರು ವೈದ್ಯರಿಗೆ ತಿಳಿಸಿಯೇ ಇದನ್ನು ಸೇವಿಸಬೇಕು. ಕುಡಿದ ನೀರೂ ನಿಲ್ಲದಷ್ಟು ವಾಂತಿಯಾಗುತ್ತಿದ್ದರೆ, ಮೂತ್ರ ಕಡಿಮೆಯಾದರೆ ಕಷಾಯ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನೆಗಡಿಯಲ್ಲಿ ಬಿಸಿ ಶುಂಠಿ ಕಷಾಯ ಗಂಟಲಿಗೆ ಹಿತ ನೀಡುತ್ತದೆ. ನೆಗಡಿ ತನ್ನ ಅವಧಿ ಮುಗಿಸಿ ತಾನಾಗಿಯೇ ಹೋಗುತ್ತದೆ.

ಚಮಚದ ಲೆಕ್ಕ, ಕ್ಯಾಪ್ಸೂಲಿನ ಲೆಕ್ಕ

ಒಂದು ಚಹಾ ಚಮಚ ಅರಿಷಿಣ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಅದರಲ್ಲಿ ಕರ್ಕ್ಯುಮಿನ್ ಹೆಚ್ಚುಕಡಿಮೆ 90 ಮಿಲಿಗ್ರಾಂ. ಈ ಒಂದು ಚಮಚವೂ ಇಡೀ ಮನೆಯ ಸಾರು, ಪಲ್ಯಗಳಿಗೆ ಹಂಚಿಹೋಗುತ್ತದೆ. ಆದರೆ ಶೇಕಡಾ 95ರಷ್ಟು ಕರ್ಕ್ಯುಮಿನ್ ಇರುವ 500 ಮಿಲಿಗ್ರಾಂ ತೂಕದ ಒಂದು ಕ್ಯಾಪ್ಸೂಲಿನಲ್ಲಿ 475 ಮಿಲಿಗ್ರಾಂ ಇರುತ್ತದೆ. ಎಂದರೆ ಐದು ಚಮಚ ಅರಿಷಿಣವನ್ನು ಒಬ್ಬರೇ ಒಮ್ಮೆಲೇ ತಿಂದಂತೆ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು ಆಹಾರದ ಮೂಲಕ ದಿನವೂ ಸೇವಿಸಬಹುದಾದ ಕರ್ಕ್ಯುಮಿನ್ ಮಿತಿಯನ್ನು ದೇಹದ ಪ್ರತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ ಎಂದು ಗೊತ್ತುಪಡಿಸಿದೆ. 60 ಕಿಲೋ ತೂಕದವರಿಗೆ ಅದು 180 ಮಿಲಿಗ್ರಾಂ ಆಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ಕರ್ಕ್ಯುಮಿನ್ ತಾನಾಗಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರಿಮೆಣಸಿನಲ್ಲಿರುವ ಪೈಪರಿನ್ ಜೊತೆಗೂಡಿದರೆ ಅದು ಹಲವು ಪಟ್ಟು ಹೆಚ್ಚುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕೇವಲ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತ್ತು. ಅನೇಕ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಸೇರಿಸುವುದು ಇದಕ್ಕಾಗಿಯೇ. ಆದರೆ ಪೈಪರಿನ್ ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂತಹ ಬೇರೆ ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಹೆಚ್ಚಿಸಬಲ್ಲದು ಎಂಬುದನ್ನು ಮರೆಯಬಾರದು.

ಯಕೃತ್ತಿಗೆ ಪೆಟ್ಟು

ಅರಿಷಿಣದ ಕ್ಯಾಪ್ಸೂಲುಗಳಿಂದ ಕೆಲವರ ಯಕೃತ್ತಿಗೆ ಹಾನಿಯಾಗಿರುವುದು ಈಚಿನ ವರ್ಷಗಳಲ್ಲಿ ಸ್ಪಷ್ಟವಾಗಿದೆ. 2019ರಲ್ಲಿ ಇಟಲಿಯಲ್ಲಿ ಇಂತಹ ಹಲವು ಪ್ರಕರಣಗಳು ಬೆಳಕಿಗೆ ಬಂದವು. ಅಮೆರಿಕದ ತಜ್ಞರು 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹತ್ತು ರೋಗಿಗಳ ವಿವರವಿದೆ. ಅವರಲ್ಲಿ ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ಯಕೃತ್ತು ವಿಫಲವಾಗಿ ಸಾವನ್ನಪ್ಪಿದರು. ಹತ್ತು ಜನರಲ್ಲಿ ಏಳು ಮಂದಿಗೆ ಒಂದು ನಿರ್ದಿಷ್ಟ ಆನುವಂಶಿಕ ಗುಣವಿತ್ತು. ಯಾರಿಗೆ ಆ ಗುಣವಿದೆ ಎಂಬುದು ಹೊರನೋಟಕ್ಕೆ ತಿಳಿಯುವಂಥದ್ದಲ್ಲ.

ಇದು ಅಪರೂಪದ ತೊಂದರೆ ನಿಜ. ಆದರೂ ಇಂತಹ ಕ್ಯಾಪ್ಸೂಲು ಸೇವಿಸುತ್ತಿರುವಾಗ ಹಸಿವು ಇಂಗಿದರೆ, ವಿಪರೀತ ಸುಸ್ತು, ಮೈ ತುರಿಕೆ ಕಾಣಿಸಿಕೊಂಡರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅಥವಾ ಕಣ್ಣು ಹಳದಿಯಾದರೆ ಕೂಡಲೇ ಅದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಕಾಲದಲ್ಲಿ ನಿಲ್ಲಿಸಿದ ಬಹುತೇಕ ಜನ ಚೇತರಿಸಿಕೊಂಡಿದ್ದಾರೆ.

ಕಾಮಾಲೆಯಾದವರಿಗೆ ಅಡುಗೆಯ ಅರಿಷಿಣವನ್ನೂ ಕೊಡಬಾರದು ಎಂಬ ನಂಬಿಕೆ ನಮ್ಮಲ್ಲಿದೆ. ಕಾಮಾಲೆಯ ಹಳದಿ ಬರುವುದು ಬಿಲಿರುಬಿನ್ ಎಂಬ ಪಿತ್ತದ ಬಣ್ಣದಿಂದಲೇ ಹೊರತು ಅರಿಷಿಣದಿಂದಲ್ಲ. ಸಾರಿನ ಚಿಟಿಕೆ ಅರಿಷಿಣ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಕ್ಯಾಪ್ಸೂಲನ್ನು.

ಯಾರು ಎಚ್ಚರ ವಹಿಸಬೇಕು?

ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂತಹ ಮಾತ್ರೆ ತೆಗೆದುಕೊಳ್ಳುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಸೇವಿಸುತ್ತಾರೆ. ಇವರು ಅರಿಷಿಣ ಅಥವಾ ಶುಂಠಿಯ ಮಾತ್ರೆಗಳನ್ನು ತಾವಾಗಿಯೇ ಆರಂಭಿಸಬಾರದು. ವಾರ್ಫರಿನ್ ಸೇವಿಸುತ್ತಿದ್ದ ರೋಗಿಯೊಬ್ಬರು ಅರಿಷಿಣದ ಉತ್ಪನ್ನ ಸೇರಿಸಿಕೊಂಡಾಗ ರಕ್ತ ಅಪಾಯದ ಮಟ್ಟಕ್ಕೆ ತೆಳುವಾದ ಬಗ್ಗೆ ನ್ಯೂಜಿಲೆಂಡಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿಯೇ ಎಚ್ಚರಿಕೆ ನೀಡಿದೆ.

ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಇವುಗಳನ್ನು ತೆಗೆದುಕೊಂಡರೆ ಸಕ್ಕರೆಯ ಮಟ್ಟ ಇನ್ನಷ್ಟು ಇಳಿಯಬಹುದು. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಕರ್ಕ್ಯುಮಿನ್ ಹೊಟ್ಟೆನೋವು ತರಬಹುದು. ಅರಿಷಿಣದಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಹೆಚ್ಚು ಪ್ರಮಾಣದಲ್ಲಿ ಸೇವಿಸಬಾರದು. ಆಹಾರದ ಕಬ್ಬಿಣ ದೇಹ ಸೇರುವುದನ್ನೂ ಇದು ಕಡಿಮೆ ಮಾಡಬಹುದಾದ್ದರಿಂದ ರಕ್ತಹೀನತೆಯಿರುವ ಹೆಣ್ಣುಮಕ್ಕಳಿಗೂ ಇದೇ ಸಲಹೆ. ಖಾಲಿ ಹೊಟ್ಟೆಯಲ್ಲಿ ಹೆಚ್ಚು ಶುಂಠಿ ತಿಂದರೆ ಎದೆಯುರಿ ಬರುವುದು ಅನೇಕರ ಅನುಭವ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಇಂತಹ ಮಾತ್ರೆಗಳ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಸಾಮಾನ್ಯವಾಗಿ ಎರಡು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ.

ಗಾಯಕ್ಕೆ ಅರಿಷಿಣ ಸರಿಯೇ?

ಗಾಯ ಮಾಯಿಸಲು ಅರಿಷಿಣ ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಲಾಗಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಆಕ್ಷೇಪಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಅಲ್ಲಿ ಸಾಬೀತಾದದ್ದು ಇದು ನಮ್ಮಲ್ಲಿ ಹಿಂದಿನಿಂದಲೂ ತಿಳಿದಿದ್ದ ಬಳಕೆ ಎಂಬ ಸಂಗತಿ. ಎಲ್ಲ ಗಾಯಕ್ಕೂ ಅರಿಷಿಣವೇ ಸಾಕು ಎಂದು ಅದರ ಅರ್ಥವಲ್ಲ.

ಡಬ್ಬಿಯಲ್ಲಿರುವ ಪುಡಿ ಕ್ರಿಮಿರಹಿತವಾದದ್ದಲ್ಲ. ಹೊಲದಲ್ಲಿ ಕುಡಗೋಲು ತಾಗಿದ, ಮಣ್ಣು ಸೇರಿದ ಗಾಯಕ್ಕೆ ಪುಡಿ ತುಂಬಿದರೆ ಒಳಗಿನ ಕೀವು ಕಾಣದೆ ಉಳಿಯುತ್ತದೆ. ಅಂತಹ ಗಾಯವನ್ನು ಹರಿಯುವ ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು ಧನುರ್ವಾಯು ಚುಚ್ಚುಮದ್ದಿಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ನಾಯಿ ಕಡಿದಿದ್ದರೆ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಗಾಯದ ಮೇಲೆ ಅರಿಷಿಣ ಸವರಬಾರದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅರಿಷಿಣ ಹಚ್ಚಿಕೊಂಡು ವಾರಗಟ್ಟಲೆ ಕಾದರೆ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಹುಟ್ಟಿದ ಮಗುವಿನ ಹೊಕ್ಕಳಿಗೂ ಅರಿಷಿಣ, ಎಣ್ಣೆ ಹಚ್ಚಬಾರದು. ಅದನ್ನು ಒಣದಾಗಿ, ಚೊಕ್ಕಟವಾಗಿಡುವುದೇ ಒಳ್ಳೆಯದು.

ಕೊಳ್ಳುವಾಗ, ನಾಟಿ ಮಾಡುವಾಗ

ಬಣ್ಣ ಹೊಳೆಯಲೆಂದು ಅರಿಷಿಣಕ್ಕೆ ಸೀಸದ ಕ್ರೋಮೇಟ್ ಬೆರೆಸುವ ದುರಭ್ಯಾಸವಿದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಅರಿಷಿಣದ ಕೊಂಬನ್ನು ಒಂದು ಲೋಟ ನೀರಿನಲ್ಲಿ ಹಾಕಿ ನೋಡಿ. ಕೂಡಲೇ ಗಾಢ ಹಳದಿ ಬಣ್ಣ ಬಿಟ್ಟರೆ ಬಣ್ಣ ಬಳಿದಿರುವ ಸಂಶಯವಿದೆ. ಹೀಗೆ ಪರೀಕ್ಷಿಸಿದ ಕೊಂಬನ್ನು ತಂದು ಒಣಗಿಸಿ ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ಸೂಕ್ತ.

ಶುಂಠಿ ಬೆಳೆಯುವ ಮನೆಗಳಿಗೆ ಒಂದು ವಿಶೇಷ ಸೂಚನೆ. ಗಡ್ಡೆ ಕೊಳೆಯದಿರಲೆಂದು ಬೀಜದ ಶುಂಠಿಯನ್ನು ಮ್ಯಾಂಕೋಜೆಬ್‌ನಂತಹ ಶಿಲೀಂಧ್ರನಾಶಕದ ನೀರಿನಲ್ಲಿ ಅದ್ದಿ ಇಡುವುದುಂಟು, ಕೀಟನಾಶಕವನ್ನೂ ಬಳಸುವುದುಂಟು. ನಾಟಿಯ ನಂತರ ಉಳಿದ ಇಂತಹ ಬೀಜವನ್ನು ತೊಳೆದರೂ ಅಡುಗೆಗೆ ಬಳಸಬಾರದು, ಸಂತೆಗೂ ಒಯ್ಯಬಾರದು, ದನಕರುಗಳಿಗೂ ಹಾಕಬಾರದು. ಅಡುಗೆಯ ಶುಂಠಿಯನ್ನು ಬೇರೆಯೇ ಇಡಿ, ಮಣ್ಣು ಹೋಗುವಂತೆ ತೊಳೆದು ಸಿಪ್ಪೆ ತೆಗೆದು ಬಳಸಿ. ಬೀಜೋಪಚಾರ ಮಾಡುವವರು ಕೈಗವಸು ಹಾಕಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಸ್ನಾನ ಮಾಡಿಯೇ ಊಟಕ್ಕೆ ಕೂರಬೇಕು.

ಒಟ್ಟಿನಲ್ಲಿ, ಸಾರಿಗೆ ಚಿಟಿಕೆ ಅರಿಷಿಣ, ಚಹಾಕ್ಕೆ ಬೆರಳ ತುದಿಯಷ್ಟು ಶುಂಠಿ ನಿರಾತಂಕವಾಗಿ ಬಳಸಿ. ದಿನವೂ ಮಾತ್ರೆ ನುಂಗುವ ಹಿರಿಯರು ಮನೆಯಲ್ಲಿದ್ದರೆ ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಅವರು ಸೇವಿಸುವ ಕಷಾಯ, ಪುಡಿ, ಕ್ಯಾಪ್ಸೂಲುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ.