ಮೈತೂಕ ಇಳಿಸುವ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು

ಬೊಜ್ಜು ಪಟ್ಟಣದವರ ತೊಂದರೆ, ಹೊಲದಲ್ಲಿ ದುಡಿಯುವವರಿಗೆ ಅದು ಬರುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹಳ ಕಾಲದಿಂದ ಇದೆ. ಇಂದಿನ ಪರಿಸ್ಥಿತಿ ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮಹಿಳೆಯರಲ್ಲಿ ಅಧಿಕ ತೂಕವಿರುವವರು 2015-16ರಲ್ಲಿ ಶೇ. 15ರಷ್ಟಿದ್ದರು, 2019-21ರಲ್ಲಿ ಈ ಪ್ರಮಾಣ ಸುಮಾರು ಶೇ. 20ಕ್ಕೆ ಏರಿತು. ಅಧಿಕ ತೂಕದಿಂದ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿನೋವು ಮುಂತಾದ ತೊಂದರೆಗಳು ಹೆಚ್ಚುತ್ತವೆ. ಆದರೆ ತಪ್ಪು ವಿಧಾನದಿಂದ ತೂಕ ಇಳಿಸಲು ಹೋಗಿ ಇದ್ದ ಆರೋಗ್ಯವನ್ನೂ ಕಳೆದುಕೊಳ್ಳುವ ಸಂಭವವಿದೆ.

ತೂಕ ಏರಲು ಕಾರಣ

ಉಳುವ ಎತ್ತಿಗೆ ಕೊಡುವಷ್ಟೇ ಹಿಂಡಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೂ ಕೊಟ್ಟರೆ ಅದು ಕೊಬ್ಬುತ್ತದೆ. ಇದು ಪ್ರತಿಯೊಬ್ಬ ರೈತನಿಗೂ ಗೊತ್ತಿರುವ ವಿಷಯ. ಮನುಷ್ಯನ ದೇಹಕ್ಕೂ ಇದೇ ನಿಯಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸೂಚಿಸಿದಂತೆ, ಕಷ್ಟದ ದುಡಿಮೆ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 3,470 ಕ್ಯಾಲೊರಿ ಬೇಕು. ಕುಳಿತು ಮಾಡುವ ಕೆಲಸದವನಿಗೆ 2,110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಇದು ಕ್ರಮವಾಗಿ 2,720 ಮತ್ತು 1,660.

ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್, ಕಪಿಲೆಯ ಜಾಗಕ್ಕೆ ಪಂಪ್‌ಸೆಟ್, ಒರಳು-ಬೀಸುಕಲ್ಲಿನ ಜಾಗಕ್ಕೆ ಯಂತ್ರಗಳು ಬಂದಿವೆ. ದೇಹದ ದುಡಿಮೆ ತಗ್ಗಿದೆ. ತಟ್ಟೆಯಲ್ಲಿನ ಆಹಾರ ತಗ್ಗಿಲ್ಲ. ಜೊತೆಗೆ ಎಣ್ಣೆ, ಸಕ್ಕರೆ, ಬೇಕರಿ ತಿಂಡಿಗಳು ಸೇರಿಕೊಂಡಿವೆ.

ತಪ್ಪು ತಿಳಿವಳಿಕೆ 1: ಊಟ ಬಿಟ್ಟರೆ ತೂಕ ಇಳಿಯುತ್ತದೆ

ಬೆಳಗಿನ ಊಟ ಬಿಟ್ಟು ಬರೀ ಚಹಾ ಕುಡಿದು ಹೊಲಕ್ಕೆ ಹೋಗುವ ಮಹಿಳೆಯರಿದ್ದಾರೆ. ಎರಡು ಚಮಚ ಸಕ್ಕರೆ ಹಾಕಿದ ಐದು ಲೋಟ ಚಹಾ ಕುಡಿದರೆ ಸಕ್ಕರೆಯಿಂದಲೇ ಸುಮಾರು 200 ಕ್ಯಾಲೊರಿ ದೇಹಕ್ಕೆ ಸೇರುತ್ತದೆ. ಪೋಷಕಾಂಶ ಮಾತ್ರ ಸಿಗುವುದಿಲ್ಲ. ಹಸಿವು ತಡೆಯಲಾರದೆ ರಾತ್ರಿ ಹೆಚ್ಚು ಉಣ್ಣುವುದೂ ಉಂಟು. ಆಹಾರವನ್ನು ಅತಿಯಾಗಿ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗಿ ನಿಶ್ಶಕ್ತಿ ಬರುತ್ತದೆ. 2019-21ರ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಮೈ ದಪ್ಪವಿದ್ದರೂ ರಕ್ತ ಕಡಿಮೆ ಇರಬಹುದು. ಅಂತಹವರು ಊಟ ಬಿಟ್ಟರೆ ಅಪಾಯ ಹೆಚ್ಚು.

ತಪ್ಪು ತಿಳಿವಳಿಕೆ 2: ಅನ್ನ ಬಿಟ್ಟು ರಾಗಿ, ಜೋಳ ಎಷ್ಟು ತಿಂದರೂ ಸರಿ

ತೂಕಕ್ಕೆ ತೂಕ ನೋಡಿದರೆ ಅಕ್ಕಿ, ರಾಗಿ, ಜೋಳಗಳ ಕ್ಯಾಲೊರಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ರಾಗಿಯ ಲಾಭ ಅದರ ನಾರಿನಲ್ಲಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಮಾತ್ರ. ಆದುದರಿಂದ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಆಗುತ್ತದೆ. ಆದರೆ ಒಂದು ಮುದ್ದೆ ಸಾಕಾಗುವಲ್ಲಿ ಎರಡು ಉಂಡು, ಮೇಲೆ ಅನ್ನವನ್ನೂ ಉಂಡರೆ ಈ ಲಾಭ ಸಿಗದು.

ತಪ್ಪು ತಿಳಿವಳಿಕೆ 3: ಬೆವರು ಸುರಿದರೆ ಕೊಬ್ಬು ಕರಗುತ್ತದೆ

ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು. ಒಂದು ಲೀಟರ್ ಬೆವರು ಹೋದರೆ ತಕ್ಕಡಿಯಲ್ಲಿ ಒಂದು ಕಿಲೋ ಕಡಿಮೆ ತೋರುವುದು ನಿಜ. ನೀರು ಕುಡಿದೊಡನೆ ಅದು ಮರಳುತ್ತದೆ. ತೂಕ ಇಳಿಯಲೆಂದು ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವುದು ಪ್ರಾಣಕ್ಕೇ ಅಪಾಯ. ಹೊಟ್ಟೆಗೆ ಬಿಗಿಯುವ ಪಟ್ಟಿಗಳಿಂದಲೂ ಬೆವರು ಬರುತ್ತದೆಯೇ ಹೊರತು ಬೊಜ್ಜು ಹೋಗುವುದಿಲ್ಲ.

ತಪ್ಪು ತಿಳಿವಳಿಕೆ 4: ಜೇನು, ಬೆಲ್ಲದಿಂದ ತೂಕ ಏರುವುದಿಲ್ಲ

ಬಿಸಿನೀರಿಗೆ ನಿಂಬೆರಸ ಮತ್ತು ಜೇನು ಬೆರೆಸಿ ಕುಡಿದರೆ ಬೊಜ್ಜು ಕರಗುವುದೆಂಬ ಮಾತು ಪ್ರಚಲಿತವಾಗಿದೆ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲೊರಿ ಇದೆ. ಬೆಲ್ಲವೂ ಕ್ಯಾಲೊರಿಯಲ್ಲಿ ಸಕ್ಕರೆಗೆ ಹೆಚ್ಚು ಕಡಿಮೆ ಸಮ.

ತಪ್ಪು ತಿಳಿವಳಿಕೆ 5: ಹೊಲದ ಕೆಲಸವಿರುವವರಿಗೆ ವ್ಯಾಯಾಮ ಬೇಡ

ಬಿತ್ತನೆ ಮತ್ತು ಸುಗ್ಗಿಯ ದಿನಗಳಲ್ಲಿ ಈ ಮಾತು ನಿಜ. ಆದರೆ ಮಳೆಯಾಶ್ರಿತ ಪ್ರದೇಶಗಳಲ್ಲಿ ವರ್ಷದ ಹಲವು ತಿಂಗಳು ಹೊಲದಲ್ಲಿ ಕೆಲಸವಿರುವುದಿಲ್ಲ. ಆ ದಿನಗಳಲ್ಲೂ ಸುಗ್ಗಿಯ ಊಟವೇ ಮುಂದುವರಿದರೆ ತೂಕ ಏರುತ್ತದೆ. ಬಿಡುವಿನ ಕಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಅವಶ್ಯಕ.

ಸರಿಯಾದ ಕ್ರಮ

ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಅಂದರೆ ಊಟದಲ್ಲಿ ಕಡಿತ ಮತ್ತು ನಡಿಗೆ ಎರಡೂ ಸೇರಿ ದಿನಕ್ಕೆ 500ರಿಂದ 550 ಕ್ಯಾಲೊರಿ ವ್ಯತ್ಯಾಸವಾಗಬೇಕು.

ಗೃಹಿಣಿಯರು ಎಣ್ಣೆಯನ್ನು ಅಳೆದು ಬಳಸಬೇಕು. ನಾಲ್ವರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಎಣ್ಣೆಯ ಬದಲು 3 ಲೀಟರ್ ಬಳಸಿದರೆ ಒಬ್ಬೊಬ್ಬರಿಗೂ ದಿನಕ್ಕೆ 65ರಿಂದ 70 ಕ್ಯಾಲೊರಿ ತಗ್ಗುತ್ತದೆ, ಹಣವೂ ಉಳಿಯುತ್ತದೆ. ಮುದ್ದೆ, ರೊಟ್ಟಿ, ಅನ್ನದ ಪ್ರಮಾಣ ಸ್ವಲ್ಪ ತಗ್ಗಿಸಿ ಸೊಪ್ಪು, ತರಕಾರಿ, ಹುರುಳಿ, ಹೆಸರುಕಾಳು, ಮಜ್ಜಿಗೆಗಳನ್ನು ಹೆಚ್ಚಿಸಬೇಕು. ತಂಗಳು ವ್ಯರ್ಥವಾಗಬಾರದೆಂದು ಹೊಟ್ಟೆ ತುಂಬಿದ ಮೇಲೂ ತಿನ್ನುವ ಅಭ್ಯಾಸವನ್ನು ಬಿಡಬೇಕು. ಅಡಿಗೆಯನ್ನೇ ಅಳತೆಯಿಂದ ಮಾಡುವುದು ಲೇಸು.

ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. 160 ಸೆಂ.ಮೀ. ಎತ್ತರದವರು 47ರಿಂದ 59 ಕಿಲೋ ಒಳಗಿದ್ದರೆ ತೂಕ ಸರಿಯಾಗಿದೆ ಎನ್ನಬಹುದು.

ಎಚ್ಚರಿಕೆ

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದಲ್ಲಿನ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಬಸುರಿಯರು ತೂಕ ಇಳಿಸಲು ಹೋಗಬಾರದು. ಬಾಣಂತಿಯರು ಊಟ ಕಡಿಮೆ ಮಾಡಬಾರದು. ಸಂತೆಯಲ್ಲಿ ಮಾರುವ, ಒಳಗೇನಿದೆಯೆಂದು ತಿಳಿಯದ ಪುಡಿ-ಮಾತ್ರೆಗಳನ್ನು ಸೇವಿಸಬಾರದು. ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿ ಇಳಿಯತೊಡಗಿದರೆ ಅದಕ್ಕೆ ಸಂತೋಷಪಡುವಂತಿಲ್ಲ. ಅದು ಕ್ಷಯ, ಸಕ್ಕರೆ ಕಾಯಿಲೆ ಅಥವಾ ಬೇರೆ ರೋಗದ ಲಕ್ಷಣವಾಗಿರಬಹುದು. ಕೂಡಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.