ಅರಸನ ವೆಚ್ಚವೂ ಪ್ರಜೆಯ ಲೆಕ್ಕವೂ

ಓದತಕ್ಕ ಭಾಗಗಳು: 1 ಸಮುವೇಲ 8ನೆಯ ಅಧ್ಯಾಯ, 1 ಸಮುವೇಲ 12ನೆಯ ಅಧ್ಯಾಯ, 1ರಿಂದ 5ನೆಯ ವಚನಗಳು, 1 ಅರಸುಗಳು 21ನೆಯ ಅಧ್ಯಾಯ.



ದಸರೆಯ ದಿನಗಳಲ್ಲಿ ನಮ್ಮ ಹಳ್ಳಿಗಳಿಂದ ಅನೇಕರು ಮೈಸೂರಿಗೆ ಹೋಗಿ, ದೀಪಗಳಿಂದ ಹೊಳೆಯುವ ಅರಮನೆಯನ್ನು ನೋಡಿಕೊಂಡು ಬರುತ್ತಾರೆ. ಬಂದವರಲ್ಲಿ ಹಿರಿಯರು, ಅರಸರ ಕಾಲವೇ ಚೆನ್ನಾಗಿತ್ತು ಎನ್ನುತ್ತಾರೆ. ಕಿರಿಯರು, ಅಷ್ಟು ಹಣವೆಲ್ಲಾ ಯಾರದು ಎಂದು ಕೇಳುತ್ತಾರೆ. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಒಂದು ದೇಶವು ಅರಸನನ್ನು ಇಟ್ಟುಕೊಳ್ಳಬೇಕೋ ಬೇಡವೋ, ಇಟ್ಟುಕೊಂಡರೆ ತೆರಬೇಕಾದ ಬೆಲೆ ಏನು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಇದು ದೊಡ್ಡವರ ಮಾತು, ನಮಗೇಕೆ ಎಂದು ಯಾರೂ ನೆನಸಬಾರದು. ಹಾರೋಹಳ್ಳಿಯ ಸುತ್ತಲಿರುವ ನಮಗೆ ಈ ಪ್ರಶ್ನೆಯು ಹೊಲದ ಬದುವಿನ ವರೆಗೂ ಬಂದಿರುತ್ತದೆ. ಅದು ಹೇಗೆಂಬದನ್ನು ಪಾಠದ ಕೊನೆಯಲ್ಲಿ ಕಾಣುವೆವು.

1. ಸಮುವೇಲನು ಇಟ್ಟ ಪಟ್ಟಿ

ಇಸ್ರಾಯೇಲ್ಯರ ಹಿರಿಯರು ಮುಪ್ಪಿನವನಾದ ಸಮುವೇಲನ ಬಳಿಗೆ ಬಂದು, ಬೇರೆ ಜನಾಂಗಗಳಿಗಿರುವಂತೆ ತಮಗೂ ಅರಸನು ಬೇಕೆಂದು ಕೇಳಿದರು. ಅವರು ಕಾರಣವಿಲ್ಲದೆ ಕೇಳಲಿಲ್ಲ. ಸಮುವೇಲನ ಮಕ್ಕಳು ಲಂಚವನ್ನು ತಿಂದು ನ್ಯಾಯವನ್ನು ಕೆಡಿಸಿದ್ದರು. ಆಗ ಪ್ರವಾದಿಯು ಅರಸನ ಖರ್ಚಿನ ಪಟ್ಟಿಯನ್ನು ಅವರ ಮುಂದೆ ಇಟ್ಟನು. ಗಂಡುಮಕ್ಕಳು ಅವನ ರಥಗಳಿಗೂ ಹೊಲದ ದುಡಿಮೆಗೂ ಹೋಗಬೇಕು. ಹೆಣ್ಣುಮಕ್ಕಳು ಅವನ ಅಡಿಗೆಗೆ ಹೋಗಬೇಕು. ಒಳ್ಳೇ ಹೊಲಗಳೂ ದ್ರಾಕ್ಷೇತೋಟಗಳೂ ಅವನ ಪರಿವಾರದವರ ಪಾಲಾಗಬೇಕು. ಬೆಳೆಯಲ್ಲಿಯೂ ಹಿಂಡಿನಲ್ಲಿಯೂ ಹತ್ತರಲ್ಲೊಂದು ಅವನಿಗೆ ಸಲ್ಲಬೇಕು. ಈ ಪಟ್ಟಿಯನ್ನು ಓದುವವರು ಒಂದು ಸಂಗತಿಯನ್ನು ಗಮನಿಸಬೇಕು. ಅದೇನಂದರೆ, ಅರಸನು ತೆಗೆದುಕೊಳ್ಳುವನೆಂದು ಮತ್ತೆ ಮತ್ತೆ ಹೇಳಲ್ಪಟ್ಟಿದೆ. ಲೆಕ್ಕ ಒಪ್ಪಿಸುವನೆಂದು ಎಲ್ಲಿಯೂ ಹೇಳಲ್ಪಡಲಿಲ್ಲ.

2. ಮೈಸೂರು ತೆತ್ತ ಬೆಲೆ

ನಮ್ಮ ಸೀಮೆಯು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷ್ ಕಂಪೆನಿಯವರು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂಡ್ರಿಸಿ, ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ 7 ಲಕ್ಷ ವರಹಗಳನ್ನು, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕೇಳಿದರು. ಹೀಗೆ ರೈತನ ಕಂದಾಯವು ಒಬ್ಬ ಒಡೆಯನಿಗಲ್ಲ, ಇಬ್ಬರು ಒಡೆಯರಿಗೆ ಹೋಗತೊಡಗಿತು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಭಾರವನ್ನೂ ಅಧಿಕಾರಿಗಳ ಸುಲಿಗೆಯನ್ನೂ ತಾಳಲಾರದೆ ದಂಗೆಯೆದ್ದರು. ತಮ್ಮ ಮೊರೆಯನ್ನು ಕೇಳಿ ಲೆಕ್ಕ ನೋಡುವ ಸಭೆಯೊಂದು ಅವರಿಗೆ ಇರಲಿಲ್ಲ. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ತಾವೇ ವಹಿಸಿಕೊಂಡರು. ಅರಸರಿಗೆ ವರ್ಷಕ್ಕೆ 1 ಲಕ್ಷ ವರಹವೂ ನಿವ್ವಳ ಆದಾಯದಲ್ಲಿ ಐದರಲ್ಲೊಂದು ಪಾಲೂ ಗೊತ್ತಾದವು. ಅವರು 1868ರಲ್ಲಿ ತೀರಿಕೊಳ್ಳುವ ವರೆಗೆ ಆಳದ ಅರಸರಾಗಿಯೇ ಉಳಿದರು.

1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ತಿರಿಗಿ ಕೊಡಲ್ಪಟ್ಟಿತು. ಅದೇ ವರ್ಷ ಅಕ್ಟೋಬರ್ 7ರಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಸಂಸ್ಥಾನದ ಸ್ಥಿತಿಗತಿಗಳನ್ನು ಅವರ ಮುಂದೆ ತಿಳಿಸಿದರು. ಆ ಸದಸ್ಯರು ಬಹುಮಟ್ಟಿಗೆ ಭೂಮಿಯುಳ್ಳವರೂ ವರ್ತಕರೂ ಆಗಿದ್ದರು; ಅರಿಕೆ ಮಾಡಿಕೊಳ್ಳುವದರ ಹೊರತು ಅವರಿಗೆ ಬೇರೆ ಅಧಿಕಾರವಿರಲಿಲ್ಲ. ಆದರೂ ಆಳುವವನು ಆಳಲ್ಪಡುವವರ ಮುಂದೆ ಲೆಕ್ಕವನ್ನು ಓದುವ ಪದ್ಧತಿಯು ಆ ದಿನ ನಮ್ಮ ನಾಡಿನಲ್ಲಿ ಹುಟ್ಟಿತು. ಬೀಜವು ಚಿಕ್ಕದಾಗಿದ್ದರೂ ಬೀಜವೇ ಸರಿ.

ಒಳ್ಳೇದನ್ನು ಒಳ್ಳೇದೆಂದೇ ಹೇಳತಕ್ಕದ್ದು. 1902ರಿಂದ 1940ರ ವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಕನ್ನಂಬಾಡಿಯ ಕಟ್ಟೆಯು ಎದ್ದಿತು. 1916ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿಸಲ್ಪಟ್ಟಿತು. 1918ರಲ್ಲಿ ಮಿಲ್ಲರ್ ಸಮಿತಿಯು ನೇಮಕವಾಗಿ, ಹಿಂದುಳಿದ ಜಾತಿಗಳವರಿಗೆ ಸರಕಾರದ ಉದ್ಯೋಗದ ಬಾಗಲು ತೆರೆಯಲು ಕಾರಣವಾಯಿತು. ಹಳೇ ಅರಮನೆಯು 1897ರಲ್ಲಿ ಸುಟ್ಟುಹೋದದರಿಂದ 1912ರಲ್ಲಿ ಮುಗಿದ ಹೊಸ ಅರಮನೆಗೆ 41,47,913 ರೂಪಾಯಿಗಳು ತಗಲಿದವು. ಆ ಕಾಲದ ರೂಪಾಯಿಯು ಈ ಕಾಲದ ರೂಪಾಯಿಯಲ್ಲ. ಆ ವೆಚ್ಚವು ಹೆಚ್ಚಾಯಿತೋ ತಕ್ಕದ್ದೋ ಎಂದು ತೀರ್ಮಾನಿಸುವ ಹಕ್ಕು ಕಂದಾಯ ಕೊಟ್ಟ ರೈತನಿಗೆ ಇರಲಿಲ್ಲ.

3. ಒಳ್ಳೇ ಅರಸನು ಪಿತ್ರಾರ್ಜಿತವಲ್ಲ

ಒಳ್ಳೇ ಅರಸನು ಸಿಕ್ಕಿದರೆ ಸಾಲದೇ ಎಂದು ಕೆಲವರು ಕೇಳುವರು. ಸಾಲದು. ಯಾಕಂದರೆ ಸಿಂಹಾಸನವು ತಂದೆಯಿಂದ ಮಗನಿಗೆ ಬರುತ್ತದೆ. ಜ್ಞಾನವು ಹಾಗೆ ಬರುವದಿಲ್ಲ. ಸೊಲೊಮೋನನ ಮಗನಾದ ರೆಹಬ್ಬಾಮನ ಬಳಿಗೆ ಜನರು ಬಂದು ನೊಗವನ್ನು ಹಗುರಮಾಡೆಂದು ಬೇಡಿದಾಗ, ಅವನು ಅದನ್ನು ಇನ್ನೂ ಭಾರಮಾಡುವೆನೆಂದು ಉತ್ತರಕೊಟ್ಟನು. ರಾಜ್ಯವು ಎರಡಾಗಿ ಸೀಳಿತು. ಆಳುವವನನ್ನು ಶಾಂತಿಯಿಂದ ಇಳಿಸುವ ಉಪಾಯವಿಲ್ಲದ ಕಡೆಯಲ್ಲಿ ಜನರಿಗೆ ತಾಳುವದು, ಇಲ್ಲವೆ ದಂಗೆಯೇಳುವದು, ಇವೆರಡೇ ದಾರಿಗಳು.

ಆದಕಾರಣ ಬೇರೆ ಬೇರೆ ದೇಶಗಳು ಬೇರೆ ಬೇರೆ ಮಾರ್ಗಗಳನ್ನು ಹಿಡಿದಿರುತ್ತವೆ. ಇಂಗ್ಲೆಂಡಿನವರು ಅರಸನನ್ನು ಇಟ್ಟುಕೊಂಡು ಅಧಿಕಾರವನ್ನು ಪಾರ್ಲಿಮೆಂಟಿಗೆ ಒಪ್ಪಿಸಿದ್ದಾರೆ. 2024–25ರಲ್ಲಿ ಅರಮನೆಗೆ ಕೊಟ್ಟ ಅನುದಾನವು 8 ಕೋಟಿ 63 ಲಕ್ಷ ಪೌಂಡು ಎಂಬದು ಅಲ್ಲಿನ ಯಾವ ಪ್ರಜೆಗಾದರೂ ತಿಳಿಯಬಹುದು. 2008ರಲ್ಲಿ ನೇಪಾಳದವರು ಅರಸೊತ್ತಿಗೆಯನ್ನು ತೆಗೆದುಹಾಕಿದರು. ಅದೇ ವರ್ಷ ಭೂತಾನದಲ್ಲಿ ಅರಸನು ಇರುವಂತೆಯೇ ಸಂವಿಧಾನವೂ ಚುನಾವಣೆಯೂ ಬಂದವು.

4. ಸಿಂಹಾಸನದಿಂದ ಸೌಧಕ್ಕೆ

ನಮ್ಮಲ್ಲಿ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ಮೈಸೂರು ಚಲೋ ಚಳವಳಿಯು ನಡೆದು, ಅಕ್ಟೋಬರ್ 25ರಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಜಯಚಾಮರಾಜ ಒಡೆಯರು ಸಂವಿಧಾನವನ್ನು ಒಪ್ಪಿಕೊಂಡು, 1956ರ ವರೆಗೆ ರಾಜಪ್ರಮುಖರಾಗಿಯೂ ಆಮೇಲೆ ರಾಜ್ಯಪಾಲರಾಗಿಯೂ ಸೇವೆಮಾಡಿದರು. ರಾಜ್ಯವನ್ನು ಬಿಟ್ಟುಕೊಟ್ಟದ್ದಕ್ಕಾಗಿ ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನವು ಗೊತ್ತಾಗಿತ್ತು. ಕೊಟ್ಟ ಮಾತನ್ನು ದೇಶವು ಮುರಿಯಬಾರದೆಂದು ಕೆಲವರೂ, ಬಡದೇಶದಲ್ಲಿ ಹುಟ್ಟಿನ ಕಾರಣದಿಂದ ಒಬ್ಬನಿಗೆ ಹಣ ಸಲ್ಲಬಾರದೆಂದು ಕೆಲವರೂ ವಾದಿಸಿದರು. ಎರಡೂ ಭಾರವಾದ ಮಾತುಗಳೇ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ದೇಶದ ಎಲ್ಲಾ ಅರಸರ ರಾಜಧನವೂ ನಿಂತುಹೋಯಿತು.

ಆದರೆ ಅರಸನು ಹೋದ ಮಾತ್ರಕ್ಕೆ ವೆಚ್ಚವು ಹೋಗುವದೇ? ನಮ್ಮ ರಾಮನಗರದ ಸೀಮೆಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಈಗಿನ ರೂಪದಲ್ಲಿ ಕಟ್ಟಿಸಿದರು. ಅದಕ್ಕೆ ಒಂದೂಮುಕ್ಕಾಲು ಕೋಟಿ ರೂಪಾಯಿಗಿಂತ ಹೆಚ್ಚು ತಗಲಿತು. ಅರಮನೆಗಿಂತ ಅದು ಚಿಕ್ಕ ಮೊತ್ತವಲ್ಲ. ಹಾಗಾದರೆ ಭೇದವೇನು? ಆ ವೆಚ್ಚವನ್ನು ಜನರ ಪ್ರತಿನಿಧಿಗಳು ಬಹಿರಂಗವಾಗಿ ಪ್ರಶ್ನಿಸಿದರು. ಅದರ ವಿಚಾರಣೆಯೂ ನಡೆಯಿತು. ಸೌಧವು ಮುಗಿದ 1956ರಲ್ಲಿಯೇ, ತಮ್ಮ ಪಕ್ಷದವರ ವಿಶ್ವಾಸವು ತಪ್ಪಿದ್ದರಿಂದ, ಕಟ್ಟಿಸಿದವರು ಕುರ್ಚಿಯನ್ನು ಬಿಟ್ಟು ಇಳಿದರು. ಅವರನ್ನು ಇಳಿಸಿದ್ದು ನ್ಯಾಯವೋ ಅಲ್ಲವೋ ಎಂಬದು ಬೇರೆ ಮಾತು. ಒಂದು ತೊಟ್ಟು ರಕ್ತವೂ ಬೀಳದೆ ಆಳುವವರು ಬದಲಾದರೆಂಬದೇ ಇಲ್ಲಿ ಕಲಿಯತಕ್ಕದ್ದು.

5. ನಮ್ಮ ಹೊಲಗಳ ಮಾತು

ಈಗ ಹಾರೋಹಳ್ಳಿಗೆ ಬರೋಣ. ಕನಕಪುರದ ರಸ್ತೆಯಲ್ಲಿ ರಾಗಿಯೂ ಹಿಪ್ಪುನೇರಳೆಯೂ ಬೆಳೆಯುತ್ತಿದ್ದ ನೆಲದಲ್ಲಿ ಇಂದು ಕಾರ್ಖಾನೆಗಳು ನಿಂತಿವೆ. ಸಮುವೇಲನ ಪಟ್ಟಿಯಲ್ಲಿದ್ದ ಹೊಲವು ಪ್ರಜಾಸರಕಾರದ ಪಟ್ಟಿಯಲ್ಲಿಯೂ ಇದೆಯಲ್ಲಾ! ಹೌದು, ಇದೆ. ಅರಸನಾದ ಅಹಾಬನು ನಾಬೋತನ ತೋಟವನ್ನು ಬಯಸಿದನು. ನಾಬೋತನು ಪಿತೃಗಳ ಸ್ವಾಸ್ತ್ಯವನ್ನು ಕೊಡಲೊಲ್ಲೆನೆಂದಾಗ ಸುಳ್ಳುಸಾಕ್ಷಿಯಿಂದ ಅವನನ್ನು ಕೊಲ್ಲಿಸಿದರು. ನಾಬೋತನ ಪಕ್ಷದಲ್ಲಿ ನಿಲ್ಲುವ ನ್ಯಾಯಸ್ಥಾನವೊಂದೂ ಇರಲಿಲ್ಲ. ಕೊನೆಗೆ ಎಲೀಯನೊಬ್ಬನೇ ಮಾತಾಡಿದನು.

ನಮಗಾದರೋ ಕಾನೂನು ಉಂಟು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾನೂನಿನ 28ನೆಯ ಕಲಮಿನ ಪ್ರಕಾರ, ಭೂಮಿಯನ್ನು ತೆಗೆದುಕೊಳ್ಳುವ ಮುಂಚೆ ಒಡೆಯನಿಗೆ ನೋಟೀಸು ಕೊಟ್ಟು, ಆಕ್ಷೇಪಣೆ ಹೇಳಲು ಮೂವತ್ತು ದಿನಗಳ ಅವಕಾಶವನ್ನು ಕೊಡಬೇಕು. ಅವನ ಮಾತನ್ನು ಕೇಳಬೇಕು. ಆಮೇಲೆ ಪರಿಹಾರವನ್ನು ಸಲ್ಲಿಸಬೇಕು. ಕಾನೂನಿನ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಿತ್ತುಕೊಳ್ಳಲಾಗದೆಂದು ಸಂವಿಧಾನವೇ ಹೇಳುತ್ತದೆ. ಆದರೆ ಓದದೆ ಅಟ್ಟದ ಮೇಲೆ ಸಿಕ್ಕಿಸಿದ ನೋಟೀಸು ಯಾರನ್ನೂ ಕಾಪಾಡದು. ಓದಲು ಬಾರದವನು ಓದಬಲ್ಲ ಸಹೋದರನ ಬಳಿಗೆ ಅದನ್ನು ಆ ದಿನವೇ ಒಯ್ಯಲಿ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ಅದನ್ನು ಈಗಲೇ ಸರಿಪಡಿಸಿಕೊಳ್ಳಲಿ. ಪರಿಹಾರದ ಹಣ ಬಂದಾಗ ಹೆಂಡತಿಯೊಂದಿಗೂ ಮಕ್ಕಳೊಂದಿಗೂ ಕೂತು ಲೆಕ್ಕ ಹಾಕಲಿ. ಹೊಲವು ಹೋದಮೇಲೆ ಹೊಲದಂತೆ ಪ್ರತಿವರ್ಷ ಕೊಡುವಂಥದ್ದು ಬೇರೇನಾದರೂ ಮನೆಯಲ್ಲಿ ಉಳಿಯಬೇಕು.

6. ಪಾಠದ ಸಾರ

ಅರಸನಿಲ್ಲದೆ ದೇಶವು ಬಾಳಬಲ್ಲದು; ನಮ್ಮ ದೇಶವು ಅದನ್ನು ತೋರಿಸಿಕೊಟ್ಟಿದೆ. ಲೆಕ್ಕವಿಲ್ಲದೆ ಯಾವ ದೇಶವೂ ಬಾಳಲಾರದು. ಅರಸನಿಗೆ ಕೊಡುತ್ತಿದ್ದದ್ದು ಹಣ; ಪ್ರಜಾಪ್ರಭುತ್ವಕ್ಕೆ ಹಣದೊಂದಿಗೆ ನಮ್ಮ ಎಚ್ಚರಿಕೆಯನ್ನೂ ಕೊಡಬೇಕು. ಆ ಎರಡನೆಯ ಬೆಲೆಯನ್ನು ತೆರದವನಿಗೆ ಪ್ರತಿ ಸರಕಾರವೂ ಅರಸನೇ. ಚುನಾವಣೆಯಲ್ಲಿ ಮತಕ್ಕೆ ಹಣ ಪಡೆದವನು ಮುಂದಿನ ಐದು ವರ್ಷ ಲೆಕ್ಕ ಕೇಳತಕ್ಕ ಬಾಯನ್ನೇ ಮಾರಿಕೊಂಡಂತಾಯಿತು.

ಸಮುವೇಲನು ಅಧಿಕಾರವನ್ನು ಬಿಡುವಾಗ ಎಲ್ಲರನ್ನೂ ಕೂಡಿಸಿ, ತಾನು ಯಾರ ಎತ್ತನ್ನಾದರೂ ಕತ್ತೆಯನ್ನಾದರೂ ತೆಗೆದುಕೊಂಡಿದ್ದರೆ ಮುಂದೆ ಬಂದು ಹೇಳಿರೆಂದು ಕೇಳಿದನು. ಹಾಗೆ ಕೇಳಬಲ್ಲವನೇ ಆಳತಕ್ಕವನು. ಗ್ರಾಮಪಂಚಾಯತಿಯಲ್ಲಾಗಲಿ, ವಿಧಾನಸೌಧದಲ್ಲಾಗಲಿ, ನಮ್ಮ ಸಭೆಯ ಕಾಣಿಕೆಯ ಪೆಟ್ಟಿಗೆಯ ಬಳಿಯಲ್ಲಾಗಲಿ, ಈ ಅಳತೆಯು ಒಂದೇ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಸಮುವೇಲನ ಪಟ್ಟಿಯಲ್ಲಿ ಯಾವ ಯಾವದನ್ನು ನಾವು ಇಂದಿಗೂ ಸರಕಾರಕ್ಕೆ ಕೊಡುತ್ತೇವೆ? ಅದಕ್ಕೆ ಬದಲಾಗಿ ನಮಗೆ ಬರುವದೇನು?
2. ನಮ್ಮ ಗ್ರಾಮಸಭೆಯು ಕಳೆದ ಸಾರಿ ಕೂಡಿದಾಗ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೆವು?
3. ನಮ್ಮ ಮನೆಯ ಪಹಣಿಯಲ್ಲಿ ಈಗ ಯಾರ ಹೆಸರು ಇದೆ?